ಬಾಲಚುಕ್ಕಿ ಹಿಡಿದ ಗಾಳೆಪ್ಪ

ಸುಳ್ಳು ಅನ್ನೋರು ಗುಡ್ಡ ಹತ್ತಿ ನೋಡಿ ಬರ್ರಿ, ಗಾಳೆಪ್ಪ ಅಗೆದ ಕುಣಿ ಇನ್ನೂ ಐತಿ.

ಈ ಗಾಳೆಪ್ಪ ಸಂಕವ್ವನ ಮಗ. ಹೇಳಿದ್ದನ್ನು ಹೇಳಿದಂಗ ಮಾಡುವವನು. ‘ಬಾಗಿಲು ನೋಡಿಕೋ’ ಅಂದರೆ, ಕಳ್ಳರು ಹಿತ್ತಲಿಂದ ಹೊಕ್ಕು ಕೊಪ್ಪರಿಗೆ ಹೊತ್ತೊಯ್ದರೂ ಬಾಗಿಲನ್ನೇ ನೋಡುತ್ತ ನಿಂತಿದ್ದ! ಏಳೂರಲ್ಲಿ ಯಾರೂ ಅವನಿಗೆ ಕೆಲಸ ಕೊಟ್ಟವರಿಲ್ಲ.

ಅಂಥವನಿಗೆ ಪೇಟೆಯಿಂದ ಬಂದ ಫೋಟೋದ ಮೌನೇಶ ಕೆಲಸ ಕೊಟ್ಟ. ಏನು ಕೆಲಸ? ಕತ್ತಲಲ್ಲಿ ಕ್ಯಾಮೆರಾ ಪೆಟ್ಟಿಗೆ ಹೊತ್ತು ಗುಡ್ಡ ಹತ್ತುವುದು.

“ಚಂದ್ರನ ಫೋಟೋ ತೆಗೀತೀನವ್ವ, ಚುಕ್ಕಿ ಫೋಟೋ ತೆಗೀತೀನಿ. ಇವ ನಿನಗ ಹಿರೇಮಗನೇನು?” ಅಂತ ಸಂಕವ್ವನನ್ನು ಕೇಳಿದ.

ಸಂಕವ್ವನಿಗೆ ಗುಮಾನಿ ಹುಟ್ಟಿತು. ಹಿರೇಮಗ ಯಾರಿಗೆ ಬೇಕು? ನಿಧಿ ಅಗೆಯುವವರಿಗೆ, ಬಲಿ ಕೊಡಲಿಕ್ಕೆ! ಆದರೆ ಮಗನಿಗೆ ಸಿಕ್ಕ ಮೊದಲ ಕೆಲಸ. ಬಿಡಿಸಲು ಮನಸ್ಸಿಲ್ಲ, ಕಳಿಸಲು ಧೈರ್ಯವಿಲ್ಲ. ನಲ್ಲಿಕಟ್ಟೆಯಲ್ಲಿ ಎಲ್ಲರಿಗೂ ಸಾರಿದಳು: “ಗುಡ್ಡದಾಗ ಗುದ್ದಲಿ ಹಿಡಿದವ ಕಂಡ್ರ ನಿಧಿಗಳ್ಳನೇ! ಹಿಡಿದು ಬಡೀರಿ!”

ಮಗನಿಗೂ ಹೇಳಿದಳು: “ಅವ ಖರೇ ಫೋಟೋ ತೆಗೀತಾನೇನು ನೋಡು. ಫೋಟೋ ಅಂದ್ರ ಮುಖದ ಮ್ಯಾಲ ಬೆಳಕು ಬಿಡಬೇಕು. ಮದುವ್ಯಾಗ ನೋಡಿಲ್ಲೇನು?”

ಚಂದ್ರ ಮೂಡಿದ. ಗಾಳೆಪ್ಪ ಕ್ಯಾಮೆರಾದ ಮುಂದೆ ನಿಂತು ಚಂದ್ರನ ಮುಖಕ್ಕೆ ಬ್ಯಾಟರಿ ಬಿಟ್ಟ. ಫೋಟೋದಲ್ಲಿ ಚಂದ್ರ ಇಲ್ಲ, ಗಾಳೆಪ್ಪನ ಬೆನ್ನು!

“ಕತ್ತಲಿರಬೇಕಲೇ!” ಮೌನೇಶ ಹಣೆ ಬಡಿದುಕೊಂಡ. “ಬೆಳಕು ಕಂಡ್ರ ಮೊದಲು ಆರಿಸು!”

“ಆಗಲಿ ಸಾಹೇಬ್ರ.”

ಮನೆಗೆ ಬಂದ. ಒಲೆ ಧಗಧಗ ಉರಿಯುತ್ತಿತ್ತು. ಬೆಳಕು! ಕೊಡ ಎತ್ತಿ ಸುರಿದ. ಸುಯ್ಯ್! ರೊಟ್ಟಿ ಅಂಬಲಿಯಾಯಿತು.

“ಕತ್ತಲೇ ಬೇಕಂದನೇ?” ಮಗ ಹೇಳಿದ್ದು ಕೇಳಿ ಸಂಕವ್ವ ಕಣ್ಣು ಕಿರಿದು ಮಾಡಿದಳು. “ಕಳ್ಳನಿಗೆ ಬೇಕಾದದ್ದೂ ಅದೇ! ಬೆಳಕು ಅಂದ್ರ ದೇವರಲೇ, ಆರಿಸ್ತಾರೇನು? ಕಂಡ ಕೂಡಲೇ ಎರಡೂ ಕೈ ಎತ್ತಿ ಮುಗೀಬೇಕು!”

“ಆಗಲೇಳವ್ವ.”

ಮರುರಾತ್ರಿ ಬಾಲಚುಕ್ಕಿ ಬರುವುದಿತ್ತು. ಮೌನೇಶ ಕೈಮುಗಿದು ಬೇಡಿಕೊಂಡ: “ಇವತ್ತು ತಪ್ಪಿದ್ರ ನಮ್ಮ ಆಯುಷ್ಯದಾಗ ಮತ್ತ ಕಾಣಂಗಿಲ್ಲೋ ಮಾರಾಯ. ಗಾಳಿ ಐತಿ, ಸ್ಟ್ಯಾಂಡ್ ಗಟ್ಟಿ ಹಿಡಿ.”

ಗಾಳೆಪ್ಪ ಉಸಿರು ಬಿಗಿದು ಹಿಡಿದ. ಬಾಲಚುಕ್ಕಿ ಫಳಫಳ ಬಂತು. ಬೆಳಕು! ಎರಡೂ ಕೈ ಎತ್ತಿ ಮುಗಿದ. ಸ್ಟ್ಯಾಂಡ್, ಕ್ಯಾಮೆರಾ ಎರಡೂ ಗುಡ್ಡದ ಬುಡಕ್ಕೆ!

“ಕೈಯಾಗಿಂದು ಬಿಟ್ಟೆಲ್ಲಲೇ ಹಾಳಾದವನೇ! ಹಿಡಿದ ಮ್ಯಾಲ ಪ್ರಾಣ ಹೋದ್ರೂ ಬಿಡಬಾರದು! ನಾಳಿಂದ ಬರಬ್ಯಾಡ!”

ಮಗ ಕೆಲಸ ಕಳಕೊಂಡು ಬರಿಗೈಯಲ್ಲಿ ಬಂದದ್ದು ಕಂಡು ಸಂಕವ್ವನ ಗುಮಾನಿ ಇನ್ನೂ ಬಲಿಯಿತು.

“ಆ ಚುಕ್ಕಿ ಎಲ್ಲಿ ಹೋತಲೇ?”

“ದೊಡ್ಡ ಬಂಡೆ ಹಿಂದ ಇಳೀತವ್ವ. ಬಂಗಾರದಂಗ ಹೊಳೀತಿತ್ತು.”

“ಬಂಗಾರ! ನಾ ಹೇಳಲಿಲ್ಲ? ಚುಕ್ಕಿಗೆಲ್ಲಿ ಬಾಲ ಇರತೈತಿ? ಅಲ್ಲೇ ನಿಧಿ ಐತಿ, ಆ ಕಳ್ಳ ನಿನ್ನ ಓಡಿಸ್ಯಾನ! ಗುದ್ದಲಿ ತಗೊಂಡು ಹೋಗಿ ಅಗದು ನೋಡು!”

ಬೆಳಗಾಯಿತು. ಬಂಡೆ ಹಿಂದೆ ಗುದ್ದಲಿ ಸದ್ದು ಕೇಳಿ ಊರವರೆಲ್ಲ ಬಡಿಗೆ ಹಿಡಿದು ಓಡಿದರು. ನಿಧಿಗಳ್ಳ ಸಿಕ್ಕ! ಮೌನೇಶನೂ ಓಡಿದ, ಸಂಕವ್ವನೂ ಎದೆ ಬಡಿದುಕೊಳ್ಳುತ್ತ ಓಡಿದಳು.

ಊರ ಗೌಡ ಗುಡುಗಿದ: “ಯಾರಲೇ ನಿನ್ನ ಅಗಿಯಾಕ ಕಳಿಸಿದ್ದು?”

ಕುಣಿಯಲ್ಲಿ ತಲೆ ತೂರಿಸಿದ್ದ ಗಾಳೆಪ್ಪ ಒಳಗಿಂದಲೇ ಕೂಗಿದ: “ನಮ್ಮವ್ವ!”

ಬಡಿಗೆಗಳೆಲ್ಲ ಸಂಕವ್ವನ ಕಡೆ ತಿರುಗಿದವು.

“ಯವ್ವಾ! ಬಾಲ ಸಿಕ್ಕೈತಿ! ಚುಕ್ಕಿ ಇನ್ನಾ ಒಳಗೈತಿ!”

ಇಣುಕಿದರೆ ಏನು? ಮೊಳದುದ್ದದ ಉಡ!

“ಬಿಡಲೇ, ಕಚ್ಚತೈತಿ!”

“ಹಿಡಿದ ಮ್ಯಾಲ ಬಿಡಬಾರದವ್ವ!”

ಉಡ ಬಂಡೆ ಬಿಡಲಿಲ್ಲ, ಗಾಳೆಪ್ಪ ಉಡ ಬಿಡಲಿಲ್ಲ. ಆವತ್ತು ತೆಗೀಬೇಕಿತ್ತು ನೋಡ್ರಿ ಫೋಟೋ, ಕ್ಯಾಮೆರಾ ಒಂದು ಇರಲಿಲ್ಲ.