ಬಾನೆಟ್ಟಿಗೆ ನಾಲ್ಕು ತೂತು

ಹರಿಹರದ ಹೊರಗೆ, ತುಂಗಭದ್ರೆಯ ದಂಡೆಯ ಮೇಲೆ ಒಂದು ಗುರುಕುಲವಿತ್ತು. ಗುರುಕುಲವೆಂದರೆ ಪರ್ಣಕುಟಿಯಲ್ಲ, ತಗಡಿನ ಶೆಡ್ಡು. ಅಂಗಳದಲ್ಲಿ ಜಿಂಕೆಗಳಿರಲಿಲ್ಲ, ಬಿಚ್ಚಿಟ್ಟ ಕಾರುಗಳಿದ್ದವು.

ಗುರುಗಳು ವೀರಭದ್ರಾಚಾರ್ರು. ಹುಟ್ಟಾ ಅಕ್ಕಸಾಲಿಗರು, ಚಿನ್ನ ಬಿಟ್ಟು ಕಾರ್ಬನ್ ಫೈಬರ್ ಹಿಡಿದು ಹದಿನೈದು ವರ್ಷವಾಗಿತ್ತು. ಕರಿಯ ನಾರಿನ ಬಟ್ಟೆಯನ್ನು ಪದರ ಪದರವಾಗಿ ಅಂಟಿನಲ್ಲಿ ಕೂರಿಸಿ, ರೇಸಿನ ಕಾರುಗಳಿಗೆ ಹಗುರವಾದ ಬಾನೆಟ್ಟು, ಬಾಗಿಲು ಮಾಡಿಕೊಡುತ್ತಿದ್ದರು.

ಶಿಷ್ಯ ತಿಪ್ಪೇಶ. ಡಿಪ್ಲೊಮಾದಲ್ಲಿ ಕಾಲೇಜಿಗೇ ಮೊದಲು ಬಂದವನು. ಆ ಸಂಗತಿಯನ್ನು ಯಾರಿಗೂ ಮರೆಯಗೊಡದವನು. ಬಂದು ವರ್ಷವಾದರೂ ಅವನ ಪಾಲಿಗೆ ಸಿಕ್ಕಿದ್ದು ಪಾಲಿಶ್ ಪೇಪರ್ ಉಜ್ಜುವ ಕೆಲಸ. ಉಜ್ಜಿ ಉಜ್ಜಿ ಬೆರಳಚ್ಚು ಸವೆದು, ರೇಷನ್ ಅಂಗಡಿಯ ಯಂತ್ರ ಅವನನ್ನು ತಿಪ್ಪೇಶನೆಂದು ಒಪ್ಪುತ್ತಿರಲಿಲ್ಲ.

ಒಂದು ಬೆಳಿಗ್ಗೆ ಗುರುಗಳು ಅವನ ಮುಂದೆ ಹೊಸ ಬಾನೆಟ್ಟು ಇಟ್ಟರು.

"ಭಾನುವಾರದ ರ‍್ಯಾಲಿಗೆ ಹೋಗೋದು. ಇರೋದು ಇದೊಂದೇ. ಕಾರಿಗೆ ಬಿಗಿಯೋ ಪಿನ್ನು ಕೂರಿಸೋಕೆ ನಾಲ್ಕು ತೂತು ಬೇಕು. ಕಾರು ಓಡಿಸೋ ಹೆಣ್ಣುಮಗಳು ಸಂಜೆ ಬರ್ತಾಳೆ."

"ನಾನು ಕೊರೀಲಾ ಗುರುಗಳೇ?"

"ಮೊದಲು ಚೂರುಪಾರಿನ ಮೇಲೆ ಕೊರೆದು ತೋರಿಸು. ಮಧ್ಯಾಹ್ನದೊಳಗೆ ಸರಿಯಾದ ಒಂದು ತೂತು ತಂದರೆ ಬಾನೆಟ್ಟು ನಿನ್ನ ಕೈಗೆ. ಇಲ್ಲದಿದ್ದರೆ ನಾನೇ ಕೊರೀತೀನಿ. ನೀನು ಇನ್ನೊಂದು ವರ್ಷ ಉಜ್ಜು."

ತಿಪ್ಪೇಶ ಮೂಗಿಗೆ ಮಾಸ್ಕ್ ಕಟ್ಟಿದ, ಡ್ರಿಲ್ಲಿಗೆ ಹೊಸ ಬಿಟ್ ಹಾಕಿದ, ಒಂದು ತುಂಡನ್ನು ಕೊರೆದ. ತೂತು ನಾಣ್ಯದಷ್ಟು ದುಂಡಗಿತ್ತು. ಕುಣಿಯುತ್ತ ಒಯ್ದ.

ಗುರುಗಳು ಅದನ್ನು ಮಗುಚಿದರು. ಹಿಂಬದಿಯಲ್ಲಿ ನಾರು ಕಿತ್ತು, ಸುಲಿದ ತೆಂಗಿನಕಾಯಿಯ ಜುಟ್ಟಿನಂತೆ ಎದ್ದು ನಿಂತಿತ್ತು.

"ಮುಂದೆ ಚೆನ್ನಾಗಿದೆಯಲ್ಲ, ಗುರುಗಳೇ."

"ಹ್ಞೂಂ. ಮದುವೆ ಫೋಟೊ ಇದ್ದ ಹಾಗಿದೆ."

ಎರಡನೆಯದಕ್ಕೆ ವೇಗ ಹೆಚ್ಚಿಸಿದ. ಗುರುಗಳು ಮಗುಚಿದರು. ಜುಟ್ಟು. ಮೂರನೆಯದಕ್ಕೆ ಮೈಭಾರ ಬಿಟ್ಟು ಒತ್ತಿದ. ಮಗುಚಿದರು. ಈ ಸಲ ಜುಟ್ಟಿನ ಜೊತೆ ಗಡ್ಡವೂ ಬಂದಿತ್ತು.

"ಈ ಡ್ರಿಲ್ಲೇ ಸರಿಯಿಲ್ಲ, ಗುರುಗಳೇ."

"ನೆಲ ಡೊಂಕು ಅನ್ನೋದೊಂದು ಬಾಕಿ ಇತ್ತು."

ಅಷ್ಟರಲ್ಲಿ ಬಾಗಿಲಲ್ಲಿ ಕೂಸಿನ ದನಿ ಕೇಳಿತು. ಚಿನ್ನದ ಕೆಲಸ ಬಿಟ್ಟರೂ ಆಚಾರ್ರು ಕಿವಿ ಚುಚ್ಚುವುದನ್ನು ಬಿಟ್ಟಿರಲಿಲ್ಲ. ಹನ್ನೊಂದು ತಿಂಗಳ ಹೆಣ್ಣುಕೂಸನ್ನು ತಾಯಿ ಎತ್ತಿಕೊಂಡು ಬಂದಿದ್ದಳು. ಜೊತೆಗೆ ಕೂಸಿನ ಸೋದರಮಾವ ಷಡಾಕ್ಷರಿ, ಹೊಸ ಪಂಚೆಯಲ್ಲಿ.

"ಮಧ್ಯಾಹ್ನದೊಳಗೆ ಅಂದಿದ್ರಿ, ಗುರುಗಳೇ," ಎಂದು ತಿಪ್ಪೇಶ ಗೊಣಗಿದ.

"ಅಂದಿದ್ದೆ. ಈಗ ಒಂದು ಆಲೂಗಡ್ಡೆ ತಾ."

"ಪಲ್ಯಕ್ಕಾ?"

"ತಾ ಅಂದೆ, ತಮ್ಮಾ."

ತಂದುಕೊಟ್ಟ. ಮಾವನ ತೊಡೆಯ ಮೇಲೆ ಕೂಸನ್ನು ಕೂರಿಸಿದರು. ಷಡಾಕ್ಷರಿ ಅದರ ತಲೆಯನ್ನು ಎದೆಗೆ ಒತ್ತಿ ಹಿಡಿದು, ತಾನು ಕಣ್ಣು ಮುಚ್ಚಿಕೊಂಡ. ಗುರುಗಳ ಕೈ ಆಡಿತು. ಕೂಸು ಒಮ್ಮೆ ಕಿರುಚಿ ಬೆಲ್ಲದ ಚೂರಿಗೆ ಸಮಾಧಾನವಾಯಿತು. ಮಾವನ ಅಳು ಮಾತ್ರ ನಿಲ್ಲಲಿಲ್ಲ.

"ಏನು ನೋಡಿದೆ?" ಎಂದು ಗುರುಗಳು ಶಿಷ್ಯನನ್ನು ಕೇಳಿದರು.

"ಸೂಜಿ ಚೂಪಾಗಿತ್ತು. ನಿಮ್ಮ ಬಲಗೈ ಒಂದಿಷ್ಟೂ ನಡುಗಲಿಲ್ಲ."

"ಎಡಗೈ?"

"ಎಡಗೈ ನೋಡಲಿಲ್ಲ, ಗುರುಗಳೇ."

"ಕೂಸಿಗೆ ಇನ್ನೊಂದು ಕಿವಿ ಇದೆ, ನಿನ್ನ ಪುಣ್ಯ. ಕೈ ತೊಳೆದು ಬಾ. ಈ ಸಲ ಎಡಗೈ ನೀನೇ."

ಗುರುಗಳು ಆಲೂಗಡ್ಡೆಯ ಒಂದು ಬಿಲ್ಲೆ ಕೊಯ್ದು ಅವನ ಕೈಗಿತ್ತರು. ಕಿವಿಯ ಹಾಲೆಯ ಹಿಂದೆ ಅದನ್ನು ಒತ್ತಿ ಹಿಡಿಯಬೇಕು. ತಿಪ್ಪೇಶ ಬಿಲ್ಲೆಯನ್ನು ಬೆರಳಲ್ಲಿ ಅದುಮಿ ನೋಡಿದ.

"ಇದರ ಬದಲು ಗಟ್ಟಿಯಾಗಿ ಒಂದು ಕಬ್ಬಿಣದ ಬಿಲ್ಲೆ ಇಟ್ಟರೆ?"

"ಸೂಜಿ ಮುರಿಯುತ್ತೆ."

"ಏನೂ ಇಡದಿದ್ದರೆ?"

"ಹಾಲೆ ಹಿಂದಕ್ಕೆ ಜಗ್ಗುತ್ತೆ, ಹರಿಯುತ್ತೆ. ಹಿಂದೆ ನಿಂತವನು ತಡೀಬೇಕು, ದಾರಿನೂ ಬಿಡಬೇಕು."

ಸೂಜಿ ಬಂತು. ತಿಪ್ಪೇಶನಿಗೆ ಅದು ಕಾಣಲಿಲ್ಲ, ಬೆರಳಿಗೆ ತಿಳಿಯಿತು. ಮೊದಲು ಬಿರುಸು, ಕೊನೆಯ ಕೂದಲೆಳೆಯಷ್ಟರಲ್ಲಿ ಗುರುಗಳ ಕೈ ಹಗುರಾಯಿತು, ಆಮೇಲೆ ಬಿಲ್ಲೆಯೊಳಗೆ ಮೆತ್ತಗೆ ಒಂದು ಚುಳ್. ಅಷ್ಟೆ. ಕೂಸು ಬೆಲ್ಲ ಚೀಪುತ್ತಲೇ ಇತ್ತು.

ತಿಪ್ಪೇಶ ಹಾಲೆಯನ್ನು ಮೆಲ್ಲಗೆ ಮಡಚಿ ಹಿಂಬದಿ ನೋಡಿದ. ಮುಂದೆ ಹೇಗೋ ಹಿಂದೆಯೂ ಹಾಗೇ ಇತ್ತು.

ಮರುಕ್ಷಣವೇ ಎದ್ದು ಶೆಡ್ಡಿನ ಮೂಲೆಗೆ ಓಡಿದ. ಒಂದು ಮರದ ಹಲಗೆ ಹುಡುಕಿ, ತುಂಡಿನ ಬೆನ್ನಿಗೆ ಕೊಟ್ಟು, ಎರಡನ್ನೂ ಸೇರಿಸಿ ಕ್ಲಾಂಪಿನಿಂದ ಬಿಗಿದ. ಕೊರೆದ. ಕೊನೆಯ ಪದರ ಬಂತೆನಿಸಿದಾಗ ಕೈ ಹಗುರ ಮಾಡಿದ. ಡ್ರಿಲ್ಲಿನ ಬಿಟ್ ಹಲಗೆಗಿಳಿಯಿತು.

ತುಂಡನ್ನು ಗುರುಗಳಿಗೆ ಕೊಟ್ಟ. ಅವರು ಮಗುಚಿದರು, ಹೆಬ್ಬೆರಳಿನಿಂದ ಸವರಿದರು. ಜುಟ್ಟೂ ಇಲ್ಲ, ಗಡ್ಡವೂ ಇಲ್ಲ. ಬಾನೆಟ್ಟನ್ನು ಅವನ ಕಡೆ ಸರಿಸಿ, ಷಡಾಕ್ಷರಿಯ ಜೊತೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನಲು ಕೂತುಬಿಟ್ಟರು.

ಬಾನೆಟ್ಟಿನ ಮೈ ಬಾಗಿತ್ತು, ಹಲಗೆ ನೆಟ್ಟಗಿತ್ತು. ಎರಡರ ನಡುವೆ ಬೆಳಕು ನುಸುಳುತ್ತಿತ್ತು. ತಿಪ್ಪೇಶ ಉಳಿ ತಗೊಂಡು ಹಲಗೆಯನ್ನು ಕೆತ್ತಿದ, ಇಟ್ಟು ನೋಡಿದ, ಮತ್ತೆ ಕೆತ್ತಿದ, ಪಾಲಿಶ್ ಪೇಪರ್ ಹಿಡಿದು ಉಜ್ಜಿದ. ವರ್ಷವಿಡೀ ಬೈದುಕೊಂಡು ಮಾಡಿದ ಕೆಲಸವನ್ನು ಅಂದು ಯಾರೂ ಹೇಳದೆ ಮಾಡಿದ. ಸಂದಿನ ಬೆಳಕು ಮುಚ್ಚಿದ ಮೇಲೇ ಡ್ರಿಲ್ ಎತ್ತಿದ್ದು.

ಒಂದು. ಎರಡು. ಮೂರು. ನಾಲ್ಕನೆಯದಕ್ಕೆ ಮೊದಲು ಹೊಳೆಯ ಕಡೆ ನೋಡಿ ಒಂದು ಉಸಿರು ಬಿಟ್ಟ. ನಾಲ್ಕು.

ಹಲಗೆ ಬಿಚ್ಚಿ, ಬಾನೆಟ್ಟು ಮಗುಚಿ, ಅಂಗೈಯಿಂದ ಸವರಿದ. ಆಮೇಲೆ ಹಿಂಬದಿ ಮೇಲಾಗಿಯೇ ಎರಡೂ ಕೈಯಲ್ಲಿ ಹೊತ್ತು ತಂದು ಗುರುಗಳ ಮುಂದೆ ನಿಂತ.

ಗುರುಗಳು ಮಂಡಕ್ಕಿ ತಟ್ಟೆಯನ್ನು ಅವನ ಕಡೆ ಚಾಚಿದರು.

"ತಗೋ, ಮೆಣಸಿನಕಾಯಿ ಬಿಸಿ ಇದೆ."

"ಗುರುಗಳೇ, ನೋಡೋದಿಲ್ವಾ?"

ಷಡಾಕ್ಷರಿಗೂ ತಡೆಯಲಾಗಲಿಲ್ಲ. "ನೋಡ್ರಿ ಆಚಾರ್ರೇ, ಪಾಪ, ಹುಡುಗ ಆಗಿನಿಂದ ನಿಂತಾನೆ."

"ಅವನೇ ಮಗುಚಿ ತಂದಿದಾನಲ್ಲ," ಎಂದರು ಗುರುಗಳು. "ಇನ್ನು ನಾನು ನೋಡೋದೇನಿದೆ?"