ಕೆಂಚನೂ ಏಳು ಪದಗಳೂ

ಬುದ್ಧಿವಂತರಿಗೆ ಎಲ್ಲವೂ ನೆನಪಿರುತ್ತದೆ, ಪೆದ್ದರಿಗೆ ಏನೂ ನೆನಪಿರುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಪೆದ್ದನ ಅವ್ವನೂ ನಂಬಿದ್ದಳು.

ಅವ್ವನ ಹೆಸರು ದುಂಡಮ್ಮ. ಮಗನ ಹೆಸರು ಕೆಂಚ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅವನ ಪೆದ್ದತನವೆಂದರೆ ಅಷ್ಟೇ. ದುಂಡಮ್ಮನಿಗೆ ಕೆಮ್ಮಿದರೆ ರಕ್ತ ಬೀಳುತ್ತಿತ್ತು. ತಾನು ಹೋದ ಮೇಲೆ ಇವನಿಗೆ ಮುದ್ದೆ ಹಾಕುವವರು ಯಾರು ಎಂಬುದೊಂದೇ ಅವಳ ಚಿಂತೆ.

ಆ ಊರಲ್ಲಿ ಯಾರಾದರೂ ಸತ್ತರೆ ನೆಂಟರ ಊರುಗಳಿಗೆ ನಡೆದು ಹೋಗಿ ಸುದ್ದಿ ಮುಟ್ಟಿಸಲು ಒಬ್ಬ ಆಳಿದ್ದ. ಸುಗ್ಗಿಯಲ್ಲಿ ಅವನಿಗೆ ಮನೆಗೊಂದು ಮೊರ ರಾಗಿ. ಆ ಆಳು ಸತ್ತ. ಸುದ್ದಿ ಹೇಳುವವರಿಲ್ಲದೆ ಅವನ ನೆಂಟರು ಯಾರೂ ಮಣ್ಣಿಗೆ ಬರಲಿಲ್ಲ. ಪಟೇಲ ಲಕ್ಕಣ್ಣ ಡಂಗುರ ಹೊಡೆಸಿದ: ಸೋಮವಾರ ಅರಳಿಕಟ್ಟೆಯಲ್ಲಿ ಪರೀಕ್ಷೆ. ಪಟೇಲರು ಏಳು ಪದ ಹೇಳುತ್ತಾರೆ. ಕೆರೆ ಕೋಡಿಯವರೆಗೆ ಹೋಗಿ ಬಂದು ಏಳನ್ನೂ ಒಪ್ಪಿಸಿದವನಿಗೆ ಕೆಲಸ.

"ಈ ಕೆಲ್ಸ ಸಿಕ್ಬುಟ್ರೆ ನೀನು ಬದುಕ್ಕಂಡೆ ಕಣ್ಲಾ," ಎಂದಳು ದುಂಡಮ್ಮ. "ಜನ ಸಾಯ್ತಾನೇ ಇರ್ತಾರೆ, ನೀನು ಉಣ್ತಾನೇ ಇರ್ತೀಯ. ಈಗ ಮೂರು ಪದ ಹೇಳ್ತೀನಿ, ಕೇಳು. ಬೂದಿ, ಒನಕೆ, ಹಗ್ಗ. ತಲೇಲಿ ಇಟ್ಕೊ. ಬಾವಿಗಂಟ ಹೋಗ್ಬಾ."

ಕೆಂಚ ಹೋದ. ಕೆಂಚ ಬಂದ. ತಲೆ ತುಂಬ ಬೂದಿ. ಬೂದಿಯ ಮೇಲೆ ಒನಕೆ. ಒನಕೆಗೂ ಗದ್ದಕ್ಕೂ ಸೇರಿಸಿ ಹಗ್ಗ.

"ಇಟ್ಕೊಂಡೆ ಕಣವ್ವ!" ಎಂದು ತಲೆಯಾಡಿಸಿದ. ಒನಕೆ ಜಾರಿ ಅವಳ ಕಾಲ ಮೇಲೆ ಬಿತ್ತು. ಹೆಬ್ಬೆರಳು ಜಜ್ಜಿಹೋಯಿತು.

"ಅಯ್ಯೋ, ನಿನ್ನ ಮನೆ ಹಾಳಾಗ!"

"ಅದು ನಮ್ಮನೇನೇ ಅಲ್ವೇನವ್ವ?"

"ತಲೆ ಮ್ಯಾಲೆ ಹೊರೋದಲ್ಲ ಕಣ್ಲಾ, ಬಾಯಲ್ಲಿ ಹೇಳ್ಕೊಬೇಕು! ನಿಲ್ಲಿಸ್ದೆ ಹೇಳ್ಕೊ! ಗಟ್ಟಿಯಾಗಿ ಹೇಳ್ಕೊ!"

"ಆಗ್ಲಿ ಕಣವ್ವ."

ಕೆಂಚನಿಗೆ ಇಬ್ಬರು ಗೆಳೆಯರು, ಚೌಡ ಮತ್ತು ಮರಿಯ. ಅವರಿಗೂ ಆ ರಾಗಿಯ ಮೇಲೆ ಕಣ್ಣು. ಮಾರನೆಯ ದಿನ ಮೂವರೂ ಸೇರಿ ಒಬ್ಬರ ನೆನಪನ್ನು ಒಬ್ಬರು ಪರೀಕ್ಷಿಸಲು ಕುಳಿತರು. ಚೌಡ ಬೇಕೆಂದೇ ಪದ ಆರಿಸಿದ.

"ಬಿದಿರು, ಮಡಕೆ, ಬೆಂಕಿ, ಬಿಳಿಬಟ್ಟೆ. ಊರು ಒಂದು ಸುತ್ತು ಬಂದು ಒಪ್ಪಿಸ್ರಲಾ."

ಕೆಂಚ ಹೊರಟ. ನಿಲ್ಲಿಸದೆ ಹೇಳಿದ, ಗಟ್ಟಿಯಾಗಿ ಹೇಳಿದ. ದಾರಿಯ ಪಕ್ಕದ ಜಗಲಿಯಲ್ಲಿ ಹೊಸಮನೆ ಅಜ್ಜ ಮೂರು ದಿನದಿಂದ ಹೋಗಲೋ ಬೇಡವೋ ಎಂದು ಮಲಗಿದ್ದ. ಮಕ್ಕಳು ಬಾಯಿಗೆ ನೀರು ಬಿಡುತ್ತಿದ್ದರು.

"ಬಿದಿರು, ಮಡಕೆ, ಬೆಂಕಿ, ಬಿಳಿಬಟ್ಟೆ! ಬಿದಿರು, ಮಡಕೆ..."

"ಇನ್ನೂ ಉಸುರೈತೆ ಕಣೋ ಮುಂಡೇದೇ! ಆಗ್ಲೇ ಚಟ್ಟ ಕಟ್ಟೋಕೆ ಬಂದ್ಯಾ?"

ಅಜ್ಜ ಕಣ್ಣು ಬಿಟ್ಟ, ನಾಲ್ಕು ಪದವನ್ನೂ ಕೇಳಿಸಿಕೊಂಡ, ಕಣ್ಣು ಮುಚ್ಚಿದ. ಮುಚ್ಚಿದ್ದು ಮುಚ್ಚಿದ್ದೇ. ಮಕ್ಕಳು ಕೆಂಚನನ್ನು ನೆಲಕ್ಕೆ ಹಾಕಿ ತುಳಿದರು. ಅವನ ಹಿಂದೆಯೇ ಬರುತ್ತಿದ್ದ ಮರಿಯ ನಾಲ್ಕನ್ನೂ ಕಲಿತು ಹೋಗಿ ಚೌಡನಿಗೆ ಒಪ್ಪಿಸಿ ಗೆದ್ದ.

ದುಂಡಮ್ಮ ಗಾಯಕ್ಕೆ ಅರಿಸಿನ ಹಚ್ಚಿದಳು.

"ಊರಿಗೆಲ್ಲ ಕೇಳೋ ಹಂಗೆ ಕಿರುಚು ಅಂದೋರು ಯಾರ್ಲಾ?"

"ನೀನೇ ಕಣವ್ವ."

"ಪದಾನ ಆಚೆ ಬಿಟ್ರೆ ಕಂಡೋರ ಪಾಲಾಗ್ತದೆ ಕಣೋ ಪೆದ್ದೇ! ಹೊಟ್ಟೇಲಿ ಇಟ್ಕೊ! ಇನ್ನೊಂದ್ಸಲ ಮಾಡು. ಹುಣಸೆ, ಉಪ್ಪು, ಸುಣ್ಣ."

"ಆಗ್ಲಿ ಕಣವ್ವ."

ಹುಣಸೆ ತಿಂದ. ಉಪ್ಪು ತಿಂದ. ಮೂಲೆಯಲ್ಲಿದ್ದ ಕರಂಡಕದ ಸುಣ್ಣವನ್ನು ಬೆರಳಲ್ಲಿ ಬಳಿದು ಬಳಿದು ತಿಂದ. ನಾಲಿಗೆ ಸುಲಿದು ಬಂತು. ದುಂಡಮ್ಮ ಎಣ್ಣೆ ಸವರಿದಳು, ಅತ್ತಳು, ಕೆಮ್ಮಿದಳು, ಕೆಂಪಗೆ ಉಗಿದಳು.

"ತಿನ್ನೋದಲ್ಲ ಕಣ್ಲಾ! ಸುಮ್ನೆ ಬಾಯಿ ಮುಚ್ಕೊಂಡಿರು. ಯಾರು ಕೇಳಿದ್ರೂ ಹೇಳ್ಬ್ಯಾಡ. ನನ್ ತಾವ ಬಾ, ನನ್ನ ಕಿವೀಲಿ ಮಾತ್ರ ಹೇಳು. ಸರೀನೋ ತಪ್ಪೋ ನಾನು ಹೇಳ್ತೀನಿ."

"ಆಗ್ಲಿ ಕಣವ್ವ."

ಸೋಮವಾರ ಅವಳಿಗೆ ಏಳಲಾಗಲಿಲ್ಲ. "ಹೋಗ್ಬಾ ಮಗ," ಎಂದಳು. ಇನ್ನೂ ಒಂದು ಮಾತು ಹೇಳುವುದಿತ್ತು. ಕೆಮ್ಮು ಬಂತು. ಕೆಂಚ ಹೊರಟುಬಿಟ್ಟ.

ಅರಳಿಕಟ್ಟೆಯ ಮೇಲೆ ಪಟೇಲ ಎಲೆಅಡಿಕೆ ಜಗಿಯುತ್ತ ಕೂತಿದ್ದ. ಎದುರಿಗೆ ಕಣ್ಣಿಗೆ ಬಿದ್ದದ್ದು, ಬಾಯಿಗೆ ಬಂದದ್ದು ಹೇಳಿದ:

"ಕುಡುಗೋಲು, ಬೆಲ್ಲ, ಕಾಗೆ, ಕಂಬಳಿ, ಏಣಿ, ಸಗಣಿ, ಬೀಗ. ನಡೀರಿ!"

ಮೂವರೂ ಕೋಡಿಗೆ ಹೋಗಿ ಬಂದರು. ಮರಿಯ ನಾಲ್ಕು ಹೇಳಿ ತಲೆ ಕೆರೆದುಕೊಂಡ. "ಆಮ್ಯಾಕೆ... ಆಮ್ಯಾಕೆ ಏನೋ ಇತ್ತು ಪಟೇಲ್ರೇ."

"ಏನೋ ಇತ್ತು ಅಂತ ಸಾವಿನ ಸುದ್ದಿ ಹೇಳ್ತೀಯೇನ್ಲಾ? ಆಚೆ ನಿಲ್ಲು!"

ಚೌಡ ಎದೆಯುಬ್ಬಿಸಿ, ಎಲ್ಲೂ ತಡೆಯದೆ ಹೇಳಿದ: "ಕುಡುಗೋಲು, ಬೆಲ್ಲ, ಕೋಳಿ, ಕಂಬಳಿ, ಏಣಿ, ಹಾರೆ, ಬೀಗ!"

"ಭೇಷ್!" ಎಂದ ಪಟೇಲ. "ನೀನು ಹೇಳ್ಲಾ ಕೆಂಚ."

ಕೆಂಚ ಬಾಯಿ ಬಿಗಿದುಕೊಂಡ.

"ಹೇಳ್ಲಾ!"

"ಹೇಳಾಕಿಲ್ಲ."

"ಯಾಕ್ಲಾ?"

"ಯಾರ್ಗೂ ಹೇಳ್ಬ್ಯಾಡ ಅಂದವ್ಳೆ ನಮ್ಮವ್ವ."

ಕಟ್ಟೆಗೆ ಕಟ್ಟೆಯೇ ನಕ್ಕಿತು. ಮರಿಯನೂ ನಕ್ಕ. "ಇದ್ರೆ ತಾನೇ ಹೇಳೋದು!" ಎಂದ ಚೌಡ. ಪಟೇಲ ಪಿಚಕ್ಕನೆ ಉಗಿದ. "ಹಂಗಾರೆ ಹೋಗು, ನಿಮ್ಮವ್ವಂಗೇ ಹೇಳ್ಕೊ ಹೋಗು!" ಕೆಲಸ ಚೌಡನಿಗೆ ಹೋಯಿತು.

ಕೆಂಚ ಮನೆಗೆ ಹೋದ. ಬಾಗಿಲಲ್ಲಿ ಹೆಂಗಸರು ಕೂತಿದ್ದರು. ದುಂಡಮ್ಮ ಹೋಗಿಬಿಟ್ಟಿದ್ದಳು, ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿಯೂ ಆಗಿತ್ತು. ಅವಳ ತವರಿಗೆ ಸುದ್ದಿ ಕಳಿಸಬೇಕೆಂದು ಪಟೇಲನೂ ಚೌಡನನ್ನು ಕರೆದುಕೊಂಡು ಬಂದು ಅಂಗಳದಲ್ಲಿ ನಿಂತ.

ಕೆಂಚ ಯಾರನ್ನೂ ನೋಡಲಿಲ್ಲ. ಒಳಗೆ ಹೋಗಿ ಅವ್ವನ ಪಕ್ಕದಲ್ಲಿ ಮಂಡಿಯೂರಿ ಅವಳ ಕಿವಿಗೆ ಬಾಯಿಟ್ಟ. ಹೆಂಗಸರು ಅಳು ನಿಲ್ಲಿಸಿದರು. ಸುಟ್ಟ ನಾಲಿಗೆಯಿಂದ ಅವನು ಒಂದೊಂದಾಗಿ ಹೇಳಿದ್ದು ಅಂಗಳಕ್ಕೂ ಕೇಳಿಸಿತು.

"ಕುಡುಗೋಲು. ಬೆಲ್ಲ. ಕಾಗೆ. ಕಂಬಳಿ. ಏಣಿ. ಸಗಣಿ. ಬೀಗ. ಸರೀನಾ ಅವ್ವ?"

ಕಾದ.

"ಸರೀನಾ ಅವ್ವ?"

ಮತ್ತೆ ಕಾದ. ತಲೆದೆಸೆಯಲ್ಲಿ ಕೂತಿದ್ದ ಮುದುಕಿಯೊಬ್ಬಳಿಗೆ ತಡೆಯಲಾಗಲಿಲ್ಲ.

"ಅವ್ಳೆಲ್ಲಿ ಹೇಳ್ತಾಳಪ್ಪ. ಪಟೇಲ್ರೇ, ನೀವಾರ ಹೇಳಿ. ಸರೀನಾ?"

ಎಲ್ಲರೂ ಪಟೇಲನ ಮುಖ ನೋಡಿದರು.

ಪಟೇಲನಿಗೆ ಆ ಏಳು ಪದಗಳಲ್ಲಿ ಒಂದೂ ನೆನಪಿರಲಿಲ್ಲ.