ಅರಸನಿಗೆ ಬಾರದ ಸೀನು

ಒಂದಾನೊಂದು ಊರಿನಲ್ಲಿ, ಆ ಊರು ಇತ್ತೋ ಇಲ್ಲವೋ ಕೇಳಬೇಡಿ, ಅರಸನ ಮೂಗಂತೂ ಇತ್ತು.

ಅರಸ ಮೂಗೇಂದ್ರರಾಯನಿಗೆ ಗುಂಡಿ ಒತ್ತಿದರೆ ಎಲ್ಲವೂ ಬರಬೇಕು. ಅದಕ್ಕೇ ಒಂದು ವೆಬ್‌ಸೈಟ್ ಮಾಡಿಸಿದ್ದ. ಗೋಡೆಯ ಈಚೆಗೆ ಮುಂಬದಿ. ಬಣ್ಣ ಬಳಿದುಕೊಂಡು, ಗುಂಡಿ ಹೊತ್ತು ನಿಂತಿರುತ್ತಿತ್ತು. ಗೋಡೆಯ ಆಚೆಗೆ ಹಿಂಬದಿ. ಮುಂಬದಿ ಕೇಳಿದ್ದನ್ನು ಉಗ್ರಾಣದಿಂದ ತಂದು ಕೊಡುತ್ತಿತ್ತು. ನಡುವೆ ಒಂದು ಕಿಂಡಿ. ಎರಡಕ್ಕೂ ಬಾಯಿತ್ತು. ಒಂದರ ಮುಖ ಇನ್ನೊಂದು ನೋಡಿರಲಿಲ್ಲ.

ಒಂದು ದಿನ ಅರಸನ ಸೀನು ಮೂಗಿನ ತುದಿಗೆ ಬಂದು ನಿಂತುಬಿಟ್ಟಿತು. ಹೊರಗೂ ಬಾರದು, ಒಳಗೂ ಹೋಗದು. ಮೂಗು ಉಬ್ಬಿತು. ಕುಂಬಳಕಾಯಿಯಾಯಿತು. ಕಿರೀಟವನ್ನೇ ಪಕ್ಕಕ್ಕೆ ತಳ್ಳಿತು.

"ಸೀನಿನ ಗುಂಡಿ ಹಾಕ್ರೋ!" ಎಂದು ಅರಸ ಕಿರುಚಿದ.

ಹಾಕಿದರು. ಮುಂಬದಿಗೂ ಹಿಂಬದಿಗೂ ಹೊಂದುತ್ತದೋ ಇಲ್ಲವೋ ಪರೀಕ್ಷಿಸಲು ಸುಗುಣಮ್ಮನನ್ನು ಕರೆಸಿದರು. ಅವಳು ಗುಂಡಿ ಒತ್ತಿದಳು.

"ಒಂದು ಸೀನು ಕೊಡಪ್ಪಾ," ಎಂದಿತು ಮುಂಬದಿ.

"ತಗೋ," ಎಂದಿತು ಹಿಂಬದಿ.

ಕಿಂಡಿಯಿಂದ ಒಬ್ಬ ಮನುಷ್ಯ ದೊಪ್ಪನೆ ಬಿದ್ದ.

"ಯಾರಯ್ಯಾ ನೀನು?" ಎಂದ ಅರಸ.

"ಸೀನು, ಬುದ್ಧಿ. ಊಟಕ್ಕೆ ಕೂತಿದ್ದೆ."

ಸುಗುಣಮ್ಮ ಮತ್ತೆ ಮತ್ತೆ ಒತ್ತಿದಳು, ಮುಂಬದಿ ಕೇಳುತ್ತಾ ಹೋಯಿತು. "ದೊಡ್ಡ ಸೀನು ಕೊಡು!" ಡೊಳ್ಳುಹೊಟ್ಟೆಯ ಸೀನು ಬಿದ್ದ. "ಜೋಡಿ ಸೀನು ಕೊಡು!" ಅವಳಿಜವಳಿ ಸೀನುಗಳು ಬಿದ್ದರು. "ಅರ್ಜೆಂಟ್ ಸೀನು ಕೊಡು!" ಚೊಂಬು ಹಿಡಿದ ಸೀನು ಬಿದ್ದ. "ಒದ್ದೆ ಸೀನು ಕೊಡು!" ತಲೆ ತುಂಬ ಸೋಪಿನ ನೊರೆ ಹೊತ್ತ ಸೀನು ಬಿದ್ದ. ಅವನು ಸುಗುಣಮ್ಮನ ಗಂಡ.

ಅರಸನ ಮೂಗು ಚಾವಣಿ ಮುಟ್ಟಿತು. "ಒರಳು ತನ್ನಿ! ಶಂಖ ಊದುವಷ್ಟರಲ್ಲಿ ಸೀನು ಬರದಿದ್ರೆ ಈ ಸೀನುಗಳನ್ನೆಲ್ಲ ಅರೆದು ನಶ್ಯ ಮಾಡಿ ಏರಿಸ್ತೀನಿ!"

ಒರಳು ಬಂತು. ಸುಗುಣಮ್ಮ ಗೋಡೆಗೆ ದಬದಬ ಗುದ್ದಿದಳು.

"ನಾನು ಸರಿಯಾಗೇ ಕೇಳಿದೆ," ಎಂದಿತು ಮುಂಬದಿ.

"ನಾನೂ ಸರಿಯಾಗೇ ಕೊಟ್ಟೆ," ಎಂದಿತು ಹಿಂಬದಿ.

"ಇಬ್ಬರೂ ಸರಿ! ಅದಕ್ಕೇ ನಮ್ಮನೆಯವರು ಒರಳಿಗೆ!" ಎಂದಳು ಸುಗುಣಮ್ಮ.

ಶಂಖದವನು ಉಸಿರೆಳೆದುಕೊಂಡ. ಕೆನ್ನೆ ಉಬ್ಬಿಸಿದ. ಸುಗುಣಮ್ಮ ಕಿಂಡಿಯೊಳಗೆ ತಲೆ ತೂರಿಸಿದಳು.

"ಅರಸರಿಗೆ ಬೇಕಾಗಿರೋದು..." ನಾಲಿಗೆ ತಡವರಿಸಿತು. ಗಂಡನ ಹೆಸರು! ಹೇಗೆ ಹೇಳುವುದು? "ಅದೇ... ನೆಗಡಿಯಾದ್ರೆ ಬರುತ್ತಲ್ಲ... ಆಕ್ಷಿ!"

"ಆಕ್ಷಿನಾ? ಮೂಟೆಗಟ್ಟಲೆ ಇದೆ. ಹಾಗಂತ ಯಾರೂ ಕೇಳಲೇ ಇಲ್ಲ," ಎಂದಿತು ಹಿಂಬದಿ.

"ಏಯ್ ಮುಂಬದಿ, ಇನ್ನು ನೀನೂ ಆಕ್ಷಿ ಅನ್ನು."

"ನನ್ನ ಗುಂಡಿಗೆ ಅದು ಒಪ್ಪಲ್ಲಮ್ಮಾ."

"ಒಪ್ಪದಿದ್ರೂ ಅನ್ನು!"

ಮೊದಲು ಸುಗುಣಮ್ಮ ತನ್ನ ಮೇಲೇ ಗುಂಡಿ ಒತ್ತಿ ಪರೀಕ್ಷಿಸಿದಳು. ಒಂದು ಪುಟ್ಟ ಆಕ್ಷಿ ಬಂತು. ಹಣೆಯ ಕುಂಕುಮ ಹಾರಿಹೋಯಿತು. "ಹೊಂದಿತು! ಒತ್ತಿ ಪ್ರಭೂ!"

ಶಂಖ ತುಟಿಗೆ ತಾಗುವಷ್ಟರಲ್ಲಿ ಅರಸ ಒತ್ತಿದ.

ಆ... ಆ... ಆಕ್ಷಿ!

ಹೆಂಚು ಹಾರಿತು. ಒರಳು ಹಾರಿತು. ಸೀನುಗಳೆಲ್ಲ ಹಾರಿ ಅವರವರ ಮನೆಯಲ್ಲೇ ಬಿದ್ದರು.

ಸುಗುಣಮ್ಮ ಓಡಿಕೊಂಡು ಮನೆಗೆ ಬಂದಳು. ಗಂಡ ಬಚ್ಚಲಲ್ಲಿ ನಡುಗುತ್ತಾ ಕೂತಿದ್ದ.

"ಅಷ್ಟೊತ್ತು ತಡವರಿಸಿದೆಯಲ್ಲೇ. ಒಂದು ಸಲ ನನ್ನ ಹೆಸರು ಹೇಳಿದ್ರೆ ಏನಾಗ್ತಿತ್ತು?"

ಅವಳು ಅವನ ತಲೆಗೆ ಬಿಸಿನೀರು ಸುರಿದಳು. "ಇನ್ನೊಬ್ಬರು ಬೀಳ್ತಿದ್ರು," ಎಂದಳು.

ಆ ರಾಜ್ಯದಲ್ಲಿ ಈಗಲೂ ಕಿಂಡಿಯಲ್ಲಿ ವಿಚಾರಿಸದೆ ಮಗುವಿಗೆ ಹೆಸರಿಡುವುದಿಲ್ಲವಂತೆ. ಕತೆ ಕಿಂಡಿಯಾಚೆ ಹೋಯಿತು, ನೀವು ಕಂಬಳಿಯೊಳಗೆ ಹೋಗಿ.